ಆರೋಗ್ಯವಂತನೆಂಬ ಅಪವಾದ

ಮದ್ದೂರು ತಾಲ್ಲೂಕಿಗೆ ಯಾವ ಕಾಯಿಲೆ ಬಂದರೂ ಮೊದಲು ನಮ್ಮ ಸೋದರಮಾವನ ಮನೆಯ ಜಗುಲಿಯ ಮೇಲೆ ಕೂತು, ಸುಧಾರಿಸಿಕೊಂಡು, ಆಮೇಲಷ್ಟೇ ಊರೊಳಗೆ ಹೋಗುತ್ತದೆ! ಇದು ನಾನು ಕಟ್ಟಿ ಹೇಳುತ್ತಿರುವುದಲ್ಲ, ಮಾವನೇ ಎದೆ ತಟ್ಟಿ ಹೇಳುವ ಮಾತು. ತಟ್ಟಿದ ಮೇಲೆ ಎದೆಯನ್ನು ಹಾಗೇ ಒಂದು ಗಳಿಗೆ ಒತ್ತಿ ಹಿಡಿದುಕೊಳ್ಳುತ್ತಾನೆ. ತಟ್ಟಿದ್ದರಿಂದ ಒಳಗೆ ಏನಾದರೂ ಅಲುಗಾಡಿತೋ ಏನೋ ಎಂಬ ಅನುಮಾನ.

ಕೊಪ್ಪದ ಹತ್ತಿರದ ಒಂದು ಹಳ್ಳಿ ಅವನದು. ಒಂದಿಷ್ಟು ಕಬ್ಬು, ಒಂದಿಷ್ಟು ಭತ್ತ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಬೀರುವಿನಲ್ಲಿ ಒಂದು ಇಡೀ ಅರೆಯ ತುಂಬ ಮಾತ್ರೆ, ಟಾನಿಕ್ಕು, ಮುಲಾಮು. ಇವೆಲ್ಲವನ್ನೂ, ಇವುಗಳ ಜೊತೆಗೆ ಮಾವನನ್ನೂ ಸಂಭಾಳಿಸುವುದಕ್ಕೆ ನಮ್ಮ ಅತ್ತೆ. ಮಗ ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಬೆಳಿಗ್ಗೆ ಬೈಕು ಹತ್ತುವವನಿಗೆ ಅಪ್ಪನ ಕಾಯಿಲೆಯ ಮೊದಲ ಅಧ್ಯಾಯ ಮಾತ್ರ ಕೇಳುವ ಯೋಗ. ಮಿಕ್ಕದ್ದೆಲ್ಲ ಅತ್ತೆಯ ಪಾಲಿಗೆ.

ಹಾಗಾದರೆ ಮಾವ ನೋಡುವುದಕ್ಕೆ ಕಡ್ಡಿಯಂತೆ ಇರಬೇಕು ಅಂದುಕೊಂಡಿರಾ? ಎಲ್ಲಿಯ ಮಾತು! ಅರವತ್ತು ದಾಟಿದ್ದರೂ ಹಸಿ ಕಬ್ಬಿನ ಹೊರೆಯನ್ನು ಒಬ್ಬನೇ ತಲೆಗೇರಿಸಿಕೊಳ್ಳುತ್ತಾನೆ. ಅದನ್ನು ಇಳಿಸಿ ಬಂದು, ಊಟಕ್ಕೆ ಕೂತು, ದೊಡ್ಡದೊಂದು ನಿಟ್ಟುಸಿರು ಬಿಟ್ಟು ಹೇಳುತ್ತಾನೆ:

"ಇಟ್ಟು ಸೇರಾಕಿಲ್ಲ ಕಣಮ್ಮಿ. ಗಂಟ್ಲಲ್ಲೇ ನಿಂತ್ಕತದೆ."

ಹೀಗೆ ಹೇಳುವಷ್ಟರಲ್ಲಿ ಎರಡು ಮುದ್ದೆ ಆ ಗಂಟಲನ್ನು ದಾಟಿ ಹೋಗಿರುತ್ತವೆ. ಮೂರನೆಯದನ್ನು ಬಡಿಸಲು ಅತ್ತೆ ಬಂದರೆ, "ಸಣ್ಣದು ಆಕು, ಉಷಾರಿಲ್ಲ" ಎನ್ನುತ್ತಾನೆ.

"ಉಷಾರಿಲ್ದಿದ್ರೇ ಮೂರು. ಈ ಯಪ್ಪ ಉಷಾರಾಗ್ಬುಟ್ರೆ ರಾಗಿ ಮೂಟೆ ಗತಿ ಏನವ್ವ?" ಎಂದು ಅತ್ತೆ ನನ್ನ ಕಡೆ ನೋಡುತ್ತಾಳೆ.

ಟೀವಿಯಲ್ಲಿ ಯಾವ ದೇಶದ ಕಾಯಿಲೆಯ ಸುದ್ದಿ ಬಂದರೂ ಸರಿ, ಮಾವನಿಗೆ ಅದು ಸಂಜೆಯೊಳಗೆ ಬಂದಿರುತ್ತದೆ. ಹಕ್ಕಿಜ್ವರ ಬಂದಾಗ ಮೈಯೆಲ್ಲ ಪುಕ್ಕ ಮೊಳೆತ ಹಾಗೆ ಚುಚ್ಚುತ್ತಿದೆ ಎಂದು ಕಂಬಳಿ ಹೊದ್ದು ಕೂತಿದ್ದ. ಹಕ್ಕಿಯಾದರೂ ಪರವಾಗಿಲ್ಲ. ಒಮ್ಮೆ ಪಶು ಡಾಕ್ಟರು ಊರಿನ ದನಗಳಿಗೆಲ್ಲ ಕಾಲುಬಾಯಿ ಜ್ವರದ ಲಸಿಕೆ ಹಾಕುವುದಕ್ಕೆ ಬಂದಿದ್ದರು. ಮಾವ ಹಸುಗಳನ್ನು ಹಿಡಿದುಕೊಂಡು ನಿಂತವನು ಮೆಲ್ಲಗೆ ವಿಷಯ ತೆಗೆದ.

"ಡಾಕ್ಟ್ರೆ, ಈ ಕಾಯ್ಲೆ ಮನ್ಸುರ್ಗೂ ಬತ್ತದಾ?"

"ಇಲ್ಲ ಗೌಡ್ರೆ, ಬರಲ್ಲ."

"ಇಲ್ಲ ಅಂದ್ರೆ ಎಂಗೆ? ನಂಗೆ ನಾಲ್ಗೇಲಿ ಗುಳ್ಳೆ ಎದ್ದದೆ. ಕಾಲೂ ಎಳೀತದೆ. ಕಾಲೂ ಆಯ್ತು, ಬಾಯೂ ಆಯ್ತು. ಇನ್ನೇನ್ ಬಾಕಿ ಅದೆ ಯೋಳಿ?"

ಡಾಕ್ಟರಿಗೆ ಅವತ್ತು ಬೇಕಾದಷ್ಟು ದನಗಳು ಬಾಕಿ ಇದ್ದವು. ಮುಖ ಗಂಟು ಹಾಕಿಕೊಂಡೇ, "ಹಾಕೋಣ ಬಿಡಿ ಗೌಡ್ರೆ, ನಿಮಗೂ ಒಂದು. ಆದರೆ ರೂಲ್ಸು ರೂಲ್ಸೇ. ಲಸಿಕೆ ಹಾಕಿಸಿಕೊಂಡವರಿಗೆ ಕಿವಿಗೆ ಹಳದಿ ಬಿಲ್ಲೆ ಹೊಡೀಬೇಕಾಗುತ್ತೆ" ಎಂದರು.

ಊರಿನವರೆಲ್ಲ ಗೊಳ್ಳೆಂದು ನಕ್ಕರು. ಮಾವ ನಗಲಿಲ್ಲ. ಎರಡೂ ಕಿವಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡು ಗಂಭೀರವಾಗಿ ಕೇಳಿದ:

"ಯಾವ ಕಿವಿಗೆ?"

ಮನುಷ್ಯರ ಡಾಕ್ಟರುಗಳ ವಿಷಯದಲ್ಲಿ ಮಾತ್ರ ಅವನ ಅಳತೆಗೋಲೇ ಬೇರೆ. ಮದ್ದೂರಿನ ಒಬ್ಬ ಡಾಕ್ಟರು ಎದೆಗೆ ಕೊಳವೆ ಇಟ್ಟು, ಕಣ್ಣು ಮುಚ್ಚಿ, "ಹೂಂ..." ಎಂದು ಉದ್ದಕ್ಕೆ ಎಳೆದರಂತೆ. ಆ ಒಂದು ಹೂಂಕಾರಕ್ಕೆ ಮಾವ ಮಾರುಹೋದ. "ಎಂಥಾ ಹೂಂ ಅಂತೀಯೆ! ಆ ಹೂಂನಾಗೆ ಮೂರು ಕಾಯ್ಲೆ ಇದ್ವು ಕಣಮ್ಮಿ" ಎಂದು ವರ್ಷಗಟ್ಟಲೆ ಹೊಗಳಿದ. ಮಳವಳ್ಳಿಯ ಇನ್ನೊಬ್ಬ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, "ನಿಮಗೇನೂ ಇಲ್ಲ, ಹೋಗಿ ಗದ್ದೆ ಕೆಲಸ ನೋಡಿಕೊಳ್ಳಿ" ಎಂದುಬಿಟ್ಟರು. ಅವತ್ತಿನಿಂದ ಆ ಬೀದಿಗೇ ಮಾವ ಕಾಲಿಡಲಿಲ್ಲ.

"ಏನೂ ಇಲ್ಲ ಅಂತ ಯೋಳಾಕೆ ಅಷ್ಟು ವರ್ಸ ಓದ್ಬೇಕಾಗಿತ್ತಾ? ಅದ ನಿಮ್ಮತ್ತೆ ಓದ್ದೇನೇ ದಿನಾ ಯೋಳ್ತಾಳೆ!"

ಇಂಥ ಮಾವನಿಗೆ ಸೋದರಸೊಸೆಯಾಗಿ ಹುಟ್ಟಿದ ನಾನು ಕಾಯಿಲೆಗಳ ಉದ್ಯೋಗಕ್ಕೇ ಸೇರಿಕೊಂಡದ್ದು ಯಾರ ಪುಣ್ಯವೋ ಯಾರ ಪಾಪವೋ! ಎಮ್ಮೆಸ್ಸಿ ಮುಗಿಸಿದ ಮೇಲೆ ಮಂಡ್ಯದ ಆಸ್ಪತ್ರೆಯೊಂದರಲ್ಲಿ ನಡೆಯುತ್ತಿದ್ದ ಜ್ವರದ ಸಂಶೋಧನೆಯೊಂದಕ್ಕೆ ಸಹಾಯಕಿಯಾಗಿ ಸೇರಿದೆ. ಜ್ವರದಿಂದ ಬಂದವರ ರಕ್ತ ತೆಗೆದು, ಆ ರಕ್ತದೊಳಗಿನ ಜೀನುಗಳಲ್ಲಿ ಯಾವುವು ಎದ್ದು ಕೆಲಸ ಮಾಡುತ್ತಿವೆ, ಯಾವುವು ಸುಮ್ಮನಿವೆ ಎಂದು ನೋಡುವುದು ನಮ್ಮ ಸಂಶೋಧನೆ. ಇದನ್ನು ಮನೆಯಲ್ಲಿ ಯಾರಿಗಾದರೂ ಅರ್ಥ ಮಾಡಿಸುವುದು ಹೇಗೆ? ಅಮ್ಮ ನೆಂಟರಿಗೆಲ್ಲ "ಬ್ಲಡ್ ಟೆಸ್ಟ್ ಮಾಡ್ತಾಳೆ" ಎಂದು ಹೇಳಿ ಮುಗಿಸಿದ್ದಳು.

ಮಳವಳ್ಳಿಯಲ್ಲಿ ನೆಂಟರ ಮನೆಯ ಬೀಗರೂಟ. ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಮಾವ ಬಂದು ಕೂತ.

"ರಕ್ತದಾಗೆ ಅದೇನೋ ನೋಡ್ತೀಯಂತಲ್ಲಮ್ಮಿ, ಏನದು?"

"ಜೀನು, ಮಾವ."

"ಜೇನಾ?" ಮಾವನ ಕೈ ತಟ್ಟನೆ ಎಲೆಯ ಮೇಲೆ ನಿಂತಿತು. "ರಕ್ತದಾಗೆ ಜೇನು ಅದೆಯಾ? ಅದ್ಕೇ ನಂಗೆ ಮೊದ್ಲಿಂದ್ಲೂ ಸಕ್ರೆ ಕಾಯ್ಲೆ ಅಂತ ಅನ್ಮಾನ!"

ಜೇನಲ್ಲ ಜೀನು ಎಂದು ಬಿಡಿಸಿ ಹೇಳುವುದರೊಳಗೆ ಒಂದು ಸುತ್ತು ಸಾರು ಬಂದು ಹೋಯಿತು. ಕೊನೆಗೆ ಆ ಸಾರೇ ನನಗೆ ದಾರಿ ತೋರಿಸಿತು.

"ಮಾವ, ನಿನ್ನ ಮನೆಗೆ ಯಾರೋ ಬಂದಿದ್ದಾರೆ ಅಂತ ಇಟ್ಕೋ. ನಾನು ಬೀದಿಯಲ್ಲಿ ನಿಂತಿದೀನಿ. ಬಾಗಿಲು ಹಾಕಿದೆ. ಒಳಗಿರೋದು ಯಾರು ಅಂತ ನನಗೆ ಗೊತ್ತಾಗೋದು ಹೇಗೆ?"

"ಬಾಗ್ಲು ತಟ್ಟು."

"ತಟ್ಟಿದರೂ ತೆಗೀತಿಲ್ಲ."

ಮಾವ ಮೂಳೆಯೊಂದನ್ನು ಚೀಪುತ್ತ ಯೋಚಿಸಿದ. "ವಾಸ್ನೆ ನೋಡು. ನಾಟಿಕೋಳಿ ಮಸಾಲೆ ಗಮ್ ಅಂದ್ರೆ ಬೀಗ್ರು ಬಂದವ್ರೆ. ಉಪ್ಪಿಟ್ಟಾದ್ರೆ ಆಪೀಸ್ನೋರು. ಬರೀ ಟೀ ಆದ್ರೆ ಓಟು ಕೇಳೋರು."

"ಅಷ್ಟೇ ಮಾವ ನಮ್ಮ ಕೆಲಸ!"

ನಿಜಕ್ಕೂ ಅಷ್ಟೇ. ಜ್ವರ ತರುವ ರೋಗಾಣು ಮೈಯಲ್ಲಿ ಎಲ್ಲೋ ಅಡಗಿ ಕೂತಿರುತ್ತದೆ, ಹುಡುಕಿದರೆ ಎಷ್ಟೋ ಸಲ ಕೈಗೆ ಸಿಗುವುದಿಲ್ಲ. ಆದರೆ ಅದು ಒಳಗೆ ಬಂದ ಸುದ್ದಿ ರಕ್ತದ ಬಿಳಿಕಣಗಳಿಗೆ ಗೊತ್ತಾಗಿಹೋಗಿರುತ್ತದೆ. ಎಲ್ಲ ಅಡುಗೆಗಳ ವಿಧಾನವೂ ಆ ಕಣಗಳಿಗೆ ಬಾಯಿಪಾಠ. ಜೀನು ಎಂದರೆ ಒಂದೊಂದು ಅಡುಗೆಯ ವಿಧಾನ. ವೈರಸ್ಸು ಬಂದರೆ ಒಂದು ಬಗೆಯ ಅಡುಗೆಗೆ ಒಲೆ ಹಚ್ಚುತ್ತವೆ, ಬ್ಯಾಕ್ಟೀರಿಯಾ ಬಂದರೆ ಇನ್ನೊಂದು ಬಗೆಯದಕ್ಕೆ. ಯಾವ ಒಲೆ ಉರಿಯುತ್ತಿದೆ ಎಂದು ನೋಡಿ ಬಂದ ನೆಂಟ ಯಾರೆಂದು ಹೇಳಲಾದೀತೇ ಎಂಬುದೇ ನಮ್ಮ ಹುಡುಕಾಟ. ಹೇಳಲಾದರೆ ಯಾರಿಗೆ ಯಾವ ಔಷಧಿ ಬೇಕು, ಯಾರಿಗೆ ಬೇಡವೇ ಬೇಡ ಎಂಬುದು ಬೇಗ ಗೊತ್ತಾಗುತ್ತದೆ.

ನಾನು ಇಷ್ಟು ಹೇಳಿ ಮುಗಿಸುವಾಗ ಮಾವನ ಕಣ್ಣು ಹೊಳೆಯುತ್ತಿತ್ತು. ಈ ಲೋಕದಲ್ಲಿ ತನ್ನನ್ನು ಅರ್ಥ ಮಾಡಿಕೊಳ್ಳುವ ಒಂದು ವಿದ್ಯೆ ಕೊನೆಗೂ ಹುಟ್ಟಿದೆ!

"ಅಂಗಾದ್ರೆ ನನ್ ಒಳ್ಗೆ ಏನೇನ್ ಬೇಯ್ತಾ ಅದೆ ಒಂದ್ಸಲ ನೋಡ್ಬುಡಮ್ಮಿ" ಎಂದು ಪಾಯಸಕ್ಕೆ ಕೈ ಹಾಕಿದ.

ನಾನು ಮಾತಿಗೆ ಹೂಂ ಎಂದಿದ್ದೆ. ಮುಂದಿನ ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಮಾವ ನನಗಿಂತ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದ! ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ, ಅದರ ಮೇಲೆ ಆ ಬಿಸಿಲಿನಲ್ಲೂ ಸ್ವೆಟರು. ತೊಡೆಯ ಮೇಲೆ ಬೀರುವಿನ ಅರೆಯಲ್ಲಿದ್ದ ಮಾತ್ರೆಗಳನ್ನೆಲ್ಲ ತುಂಬಿಕೊಂಡ ಚೀಲ. ಹೆಣ್ಣು ನೋಡುವುದಕ್ಕೆ ಹೊರಟವರೂ ಇಷ್ಟು ಸಿದ್ಧತೆ ಮಾಡಿಕೊಳ್ಳುವುದಿಲ್ಲ.

ನನ್ನ ನೆಂಟ ಎಂದು ತಿಳಿದದ್ದರಿಂದ ನಮ್ಮ ಮೇಡಂ, ಅಂದರೆ ಸಂಶೋಧನೆಯ ಮುಖ್ಯಸ್ಥೆಯಾದ ಡಾಕ್ಟರು, ತಾವೇ ಅವನನ್ನು ಕೂರಿಸಿಕೊಂಡು ಎಲ್ಲ ವಿವರಿಸಿ ಒಪ್ಪಿಗೆ ತೆಗೆದುಕೊಂಡರು.

"ಜ್ವರ ಇದೆಯಾ ಗೌಡ್ರೆ?"

"ಅದೆ ಮೇಡಮ್ಮಾರೆ. ಒಳಜ್ವರ."

ಥರ್ಮಾಮೀಟರು ಇಟ್ಟು ನೋಡಿದರು. ಏನೂ ಇಲ್ಲ.

"ಅದು ನಿಮ್ಮ ಕಡ್ಡಿಗೆ ಸಿಕ್ಕೋ ಅಂಥದ್ದಲ್ಲ ಬುಡಿ" ಎಂದು ಮಾವ ಅವರನ್ನೇ ಸಮಾಧಾನ ಮಾಡಿದ.

ಸಿಸ್ಟರು ರಕ್ತ ತೆಗೆಯಲು ಬಂದರು. ನಮ್ಮ ಕೊಳವೆಗಳಲ್ಲಿ ಮೊದಲೇ ಒಂದು ದ್ರವ ತುಂಬಿರುತ್ತದೆ. ರಕ್ತ ಅದರೊಳಗೆ ಬಿದ್ದ ಗಳಿಗೆಯಲ್ಲಿ ಯಾವ ಜೀನು ಏನು ಮಾಡುತ್ತಿತ್ತೋ ಎಲ್ಲವೂ ಹಾಗೆಯೇ ನಿಂತುಬಿಡುತ್ತದೆ, ಮದುವೆ ಮನೆಯಲ್ಲಿ ಫೋಟೋದವನು "ಅಲ್ಲಾಡಬೇಡಿ" ಎಂದ ಹಾಗೆ. ಇದನ್ನು ಹೇಳಿದ್ದೇ ತಡ, ಮಾವ ಬೆನ್ನು ನೆಟ್ಟಗೆ ಮಾಡಿ ಮೀಸೆ ತಿದ್ದಿಕೊಂಡ.

"ಏನ್ ಮಾವ?"

"ಪೋಟೋ ತೆಗೀತಾರೆ ಅಂದ್ಯಲ್ಲ!"

ಸೂಜಿ ಚುಚ್ಚಿದ್ದು, ತೆಗೆದದ್ದು ಎರಡೂ ಅವನಿಗೆ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ತಲೆ ಸುತ್ತಿತು. ಒಂದು ಲೋಟ ಹಾಲು ಕುಡಿದು ಸುಧಾರಿಸಿಕೊಂಡು, ಡೈರಿಯಲ್ಲಿ ಹಾಲಿನ ಡಿಗ್ರಿ ಅಳೆಸಿ ನಿಂತವನಂತೆ ಮೇಡಂ ಮುಂದೆ ನಿಂತು ಕೇಳಿದ: "ಎಂಗೆ, ಡಿಗ್ರಿ ಸರಿಯಾಗದಾ? ನಂದು ಯಾವ ಕಾಯ್ಲೆ ಗುಂಪು?"

ಮೇಡಂ ನಗುತ್ತ ಹೇಳಿದರು: "ನೀವು ಆರೋಗ್ಯವಂತರ ಗುಂಪು, ಗೌಡ್ರೆ."

ನನ್ನ ಮಾವನ ಮುಖವನ್ನು ಆಗ ನೀವು ನೋಡಬೇಕಿತ್ತು! ತನ್ನ ಗದ್ದೆಯ ಪಹಣಿಯಲ್ಲಿ ಪಕ್ಕದವನ ಹೆಸರು ಬಂದದ್ದನ್ನು ಕಂಡವನ ಮುಖ ಅದು.

"ಯಾರು, ನಾನಾ?"

"ಹೌದು. ರಕ್ತದೊತ್ತಡ, ಸಕ್ಕರೆ, ಎದೆಬಡಿತ, ಎಲ್ಲಾ ಇಪ್ಪತ್ತೈದರ ಹುಡುಗನ ಹಾಗಿದೆ."

"ಒಸಿ ಸರ್ಯಾಗಿ ನೋಡಿ ಮೇಡಮ್ಮಾರೆ. ಎಲ್ಲಾರ ಒಂದ್ ಮೂಲೇಲಿ ಏನಾರ ಇದ್ದೇ ಇರ್ತದೆ. ದೂರದಿಂದ ಬಂದಿವ್ನಿ."

ಮೇಡಂ ಬಹಳ ತಾಳ್ಮೆಯವರು. "ಗೌಡ್ರೆ, ತಕ್ಕಡಿಯಲ್ಲಿ ಬೆಲ್ಲ ತೂಗಬೇಕಾದರೆ ಇನ್ನೊಂದು ತಟ್ಟೆಗೆ ಏನು ಇಡ್ತೀರಿ?"

"ಬಟ್ಟು."

"ಜ್ವರದವರ ರಕ್ತ ಬೆಲ್ಲ ಇದ್ದ ಹಾಗೆ. ನಿಮ್ಮ ರಕ್ತ ತೂಕದ ಬಟ್ಟು. ಬಟ್ಟು ಸರಿಯಿಲ್ಲದಿದ್ದರೆ ತೂಕ ಎಲ್ಲ ಸುಳ್ಳಾಗುತ್ತೆ. ನಿಮ್ಮಂಥವರು ಸಿಕ್ಕುವುದೇ ಕಷ್ಟ."

ಮಾವ ಆ ಮಾತನ್ನು ಎಲೆಯಡಿಕೆಯಂತೆ ಸ್ವಲ್ಪ ಹೊತ್ತು ಅಗಿದ. ಕೊನೆಗೆ ಸೋತವನ ಧ್ವನಿಯಲ್ಲಿ, "ಆಯ್ತು ಬುಡಿ. ಆದ್ರೆ ಊರ್ನಾಗೆ ಯಾರ್ಗೂ ಗೊತ್ತಾಗ್ಬಾರ್ದು" ಎಂದ.

ಊರಿಗೆ ಹೋದ ಮೇಲೆ ಅವನು ಎಬ್ಬಿಸಿದ ಸುದ್ದಿಯೇ ಬೇರೆ. ಡೈರಿಯ ಮುಂದೆ ಹಾಲಿನ ಕ್ಯಾನು ಇಟ್ಟು ನಿಂತವರಿಗೆಲ್ಲ, "ನನ್ ರಕ್ತ ಬೆಂಗ್ಳೂರ್ಗೆ ಓಗದೆ ಕಣ್ಲಾ. ಐಸ್ನಾಗೆ ಇಟ್ಕೊಂಡು ಓದ್ರು" ಎಂದು ಹೇಳಿದ. ಸುಳ್ಳೇನಲ್ಲ, ನಮ್ಮ ಮಾದರಿಗಳೆಲ್ಲ ಬೆಂಗಳೂರಿನ ಪ್ರಯೋಗಾಲಯಕ್ಕೇ ಹೋಗುವುದು. ಇಡೀ ಊರಿನಲ್ಲಿ ಹಾಗೆ ಐಸಿನಲ್ಲಿ ಪ್ರಯಾಣ ಮಾಡಿದ ರಕ್ತ ಬೇರೆ ಯಾರದಿತ್ತು?

"ಏನ್ ಕಾಯ್ಲೆಯಂತ್ಲಾ?" ಎಂದು ಅವನ ಓರಗೆಯವನೊಬ್ಬ ಕೇಳಿದ.

ಒಪ್ಪಿಗೆ ಪಡೆಯುವಾಗ ಮೇಡಂ ಹೇಳಿದ್ದ ನೂರು ಮಾತುಗಳಲ್ಲಿ ಒಂದು ಮಾವನಿಗೆ ಸರಿಯಾದ ಹೊತ್ತಿನಲ್ಲಿ ನೆನಪಾಯಿತು. ಅತ್ತಿತ್ತ ನೋಡಿ, ಧ್ವನಿ ತಗ್ಗಿಸಿ ಹೇಳಿದ:

"ಅದ ಯೋಳಂಗಿಲ್ಲ. ಗೋಪ್ಯ."

ಅಷ್ಟೇ! ಆ ಒಂದು ಮಾತಿಗೆ ಮಾವನ ಗೌರವ ಮೂರು ಪಟ್ಟು ಏರಿತು. ಹೆಸರು ಹೇಳಲಾಗದಂಥ ಕಾಯಿಲೆ! ಎದುರು ಸಿಕ್ಕವರು ದಾರಿ ಬಿಡತೊಡಗಿದರು. ಪಂಚಾಯಿತಿ ಕಟ್ಟೆಯ ಮೇಲೆ ನೆರಳಿರುವ ಕಡೆಯ ಜಾಗ ಅವನಿಗೆ ಮೀಸಲಾಯಿತು.

ಕೆಲವು ತಿಂಗಳಾದ ಮೇಲೆ ಫಲಿತಾಂಶದ ಮೊದಲ ಚಿತ್ರಗಳು ಬಂದವು. ಕಂಪ್ಯೂಟರಿನ ಪರದೆಯ ತುಂಬ ಸಾಲು ಸಾಲಾಗಿ ಸಣ್ಣ ಸಣ್ಣ ಚೌಕಗಳು. ಜೋರಾಗಿ ಕೆಲಸ ಮಾಡುತ್ತಿರುವ ಜೀನು ಕೆಂಪು, ಸುಮ್ಮನಿರುವುದು ನೀಲಿ. ಒಂದು ಕಡೆ ಜ್ವರದವರ ಸಾಲುಗಳು ಗುಲಗಂಜಿ ಚೆಲ್ಲಿದಂತೆ ಕೆಂಪಗಿದ್ದವು. ಇನ್ನೊಂದು ಕಡೆ ಆರೋಗ್ಯವಂತರದು ತಣ್ಣನೆಯ ನೀಲಿ. ಅವತ್ತು ಬೇರೇನೋ ಕೆಲಸಕ್ಕೆ ಮಂಡ್ಯಕ್ಕೆ ಬಂದಿದ್ದ ಮಾವ ನನ್ನ ಬೆನ್ನ ಹಿಂದೆ ಬಂದು ನಿಂತ.

"ನಂದು ಯಾವ್ದು?"

"ಗೊತ್ತಾಗಲ್ಲ ಮಾವ. ಹೆಸರಿರಲ್ಲ, ಬರೀ ನಂಬರು. ಯಾರದ್ದು ಅಂತ ನನಗೂ ಗೊತ್ತಿಲ್ಲ."

ಮಾವ ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗಿಸಿ ಹುಡುಕಿದ. ನೀಲಿ ಸಾಲುಗಳ ನಡುವೆ ಎಲ್ಲೋ ಒಂದು ಕಡೆ ಸಾಸಿವೆಕಾಳಿನಷ್ಟು ಕೆಂಪು ಇತ್ತು. ಯಾರಿಗೋ ಹಿಂದಿನ ದಿನ ನೆಗಡಿಯಾಗಿದ್ದಿರಬೇಕು.

"ಇದೇ! ಇದೇ ನಾನು!" ಮಾವನ ಬೆರಳು ಪರದೆಯ ಮೇಲೆ ಕುಣಿಯಿತು. "ಯೋಳಿರ್ಲಿಲ್ವಾ, ಒಳಜ್ವರ ಅಂತ?"

"ಹೆಸರೇ ಇಲ್ಲ, ಅದು ನೀನೇ ಅಂತ ಹೇಗೆ ಹೇಳ್ತೀಯ?"

"ನಂದು ನಂಗೆ ಗೊತ್ತಾಗಾಕಿಲ್ವಾ? ಮಂದೆ ಒಳ್ಗೆ ನಮ್ಮ ಮೇಕೆ ಗುರ್ತು ಸಿಕ್ಕಲ್ವಾ?"

ಆವತ್ತು ಮಂಡ್ಯದಿಂದ ಮದ್ದೂರಿನವರೆಗೂ ಅವನು ಬಸ್ಸಿನಲ್ಲಿ ನಗುನಗುತ್ತ ಹೋಗಿರಬೇಕು. ಕಾಯಿಲೆ ಇದೆ ಎಂದು ಗೊತ್ತಾದ ಸಂತೋಷದಲ್ಲಿ!

ಹೀಗಿರುವಾಗ, ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಗೆ ಜ್ವರ ಬಂತು.

ಆ ಮನೆಯಲ್ಲಿ ಕಾಯಿಲೆ ಬೀಳುವ ಹಕ್ಕು ಒಬ್ಬರಿಗೇ ಇದ್ದದ್ದು. ಅತ್ತೆ ತನ್ನ ಪಾಲನ್ನು ಯಾವತ್ತೂ ಕೇಳಿದವಳಲ್ಲ. ಈ ಸಲವೂ ಕೇಳಲಿಲ್ಲ. ಮೈ ಕೆಂಡವಾಗಿದ್ದರೂ ನಾಲೆ ಏರಿಯ ಮೇಲೆ ಹುಲ್ಲು ಕೊಯ್ದು ತಂದಳು, ಹಾಲು ಕರೆದಳು, ಮುದ್ದೆ ತಿರುವಿದಳು. ಮಾವ ತನ್ನ ಸೊಂಟದ ವಿಷಯ ಹೇಳುತ್ತಿದ್ದ, ಅವಳು ಕೇಳಿಸಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಹಸುಗಳ ಮುಂದೆ ಹುಲ್ಲು ಹಾಕುತ್ತಿದ್ದವಳು ಹಾಗೆಯೇ ಹುಲ್ಲಿನ ಮೇಲೆ ಕುಸಿದಳು. ಮಗ ಕಾರು ಮಾಡಿಕೊಂಡು ನಾನಿದ್ದ ಆಸ್ಪತ್ರೆಗೇ ಕರೆತಂದ.

ಡೆಂಗಿ ಪರೀಕ್ಷೆ ಮಾಡಿದರು, ಇಲ್ಲ ಎಂದು ಬಂತು. ಮಲೇರಿಯಾ ಇಲ್ಲ. ರಕ್ತದೊತ್ತಡ ಇಳಿಯುತ್ತಿತ್ತು. ಉಸಿರಾಡುವಾಗ ಅವಳ ಕುತ್ತಿಗೆಯ ನರಗಳು ಎದ್ದು ಕಾಣುತ್ತಿದ್ದವು. ಕಣ್ಣು ತೆರೆದರೂ ಎದುರಿಗಿರುವವರು ಯಾರೆಂದು ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ. ಮಾವ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತವನು ಎದ್ದು ನನ್ನ ಬಳಿ ಬಂದ. ಸ್ವೆಟರೂ ಇರಲಿಲ್ಲ, ಚೀಲವೂ ಇರಲಿಲ್ಲ. ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದ.

"ಅಮ್ಮಿ, ಅವ್ಳ ರಕ್ತ ತಗೊಂಡು ನೋಡ್ಬುಡು. ಒಳ್ಗೆ ಏನ್ ಬೇಯ್ತಾ ಅದೆ ಅಂತ ನಿಂಗೆ ಗೊತ್ತಾಯ್ತದಲ್ಲ. ಆ ಕೆಂಪು ನೀಲಿ ಬತ್ತದಲ್ಲ."

ಬೀಗರೂಟದ ಪಂಕ್ತಿಯಲ್ಲಿ ಅಷ್ಟು ಚೆಂದವಾಗಿ ವಿವರಿಸಿದ್ದವಳು ಅವತ್ತು ಬಿಟ್ಟಿದ್ದ ಅರ್ಧವನ್ನು ಈಗ ಹೇಳಬೇಕಿತ್ತು. ಹೇಗೆ ಹೇಳುವುದು?

"ಮಾವ, ಅದು ಇವತ್ತಿಗೆ ಆಗಲ್ಲ. ರಕ್ತ ಇಲ್ಲಿಂದ ಬೆಂಗಳೂರಿಗೆ ಹೋಗಬೇಕು. ಎಷ್ಟೋ ಜನರದ್ದು ಒಟ್ಟು ಸೇರಿಸಿ ನೋಡ್ತಾರೆ. ತಿಂಗಳುಗಟ್ಟಲೆ ಹಿಡಿಯುತ್ತೆ. ನಾವಿನ್ನೂ ಕಲೀತಾ ಇದೀವಿ. ಅದನ್ನು ನೋಡಿ ಔಷಧಿ ಕೊಡೋ ಹಾಗೂ ಇಲ್ಲ."

ಮಾವ ನನ್ನ ಮುಖವನ್ನೇ ನೋಡಿದ. "ಮತ್ತೆ ಯಾಕಮ್ಮಿ ಮಾಡ್ತೀರಿ ಅದ?"

"ಮುಂದೆ ಬರೋರಿಗೆ ಬೇಗ ಗೊತ್ತಾಗಲಿ ಅಂತ, ಮಾವ."

ಸಿಟ್ಟು ಮಾಡಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ಮಾಡಿಕೊಳ್ಳಲಿಲ್ಲ. "ಅಂಗಾದ್ರೆ ತಗೊಳ್ಳಿ. ಅವ್ಳನ್ನ ಒಂದ್ ಮಾತು ಕೇಳಿ ತಗೊಳ್ಳಿ" ಎಂದ.

ಅತ್ತೆಗೆ ಸ್ವಲ್ಪ ತಿಳಿವು ಬಂದಿದ್ದಾಗ ಮೇಡಂ ವಿವರಿಸಿ ಕೇಳಿದರು. ಅಂಥ ಸ್ಥಿತಿಯಲ್ಲೂ ಅವಳ ಬಾಯಿ ಸುಮ್ಮನಿರಲಿಲ್ಲ. "ತಗೊಳ್ಳಿ ತಾಯಿ. ಇದ್ದಬದ್ದ ರಕ್ತ ಎಲ್ಲಾ ಇವ್ರೇ ಈರ್ಬುಟ್ಟವ್ರೆ. ಏನಾರ ಮಿಕ್ಕಿದ್ರೆ ನಿಮ್ಮ ಪುಣ್ಯ" ಎಂದು ಮಾವನ ಕಡೆ ಕಣ್ಣು ತೋರಿಸಿ ಕೈ ಚಾಚಿದಳು. ಸಿಸ್ಟರು ನಕ್ಕರು, ನಾನೂ ನಕ್ಕೆ. ಮಾವ ಮಾತ್ರ ಕೊಳವೆಯೊಳಗೆ ಇಳಿಯುತ್ತಿದ್ದ ರಕ್ತವನ್ನೇ ನೋಡುತ್ತಿದ್ದ.

ಓದುತ್ತಿರುವವರು ಗಾಬರಿಯಾಗುವುದು ಬೇಡ. ಅತ್ತೆ ಈಗ ಚೆನ್ನಾಗಿದ್ದಾಳೆ, ಹೋದ ವಾರ ಫೋನು ಮಾಡಿ ನನ್ನ ಮದುವೆಯ ವಿಷಯ ತೆಗೆದು ತಲೆ ತಿಂದಳು. ಅವಳನ್ನು ಉಳಿಸಿದ್ದು ನಮ್ಮ ಸಂಶೋಧನೆಯಲ್ಲ. ವಾರ್ಡಿನ ಡಾಕ್ಟರು ಎಲ್ಲಿ ಹುಲ್ಲು ಕೊಯ್ಯುತ್ತಿದ್ದಳು ಎಂದು ಕೇಳಿ, ಅಡಿಯಿಂದ ಮುಡಿಯವರೆಗೆ ಹುಡುಕಿ, ಮೊಣಕಾಲಿನ ಹಿಂದೆ ಬೀಡಿಯಲ್ಲಿ ಸುಟ್ಟಂಥ ಒಂದು ಕಪ್ಪು ಹಕ್ಕಳೆಯನ್ನು ಕಂಡುಹಿಡಿದರು. ಹುಲ್ಲಿನಲ್ಲಿರುವ, ಕಣ್ಣಿಗೂ ಸರಿಯಾಗಿ ಕಾಣದಷ್ಟು ಸಣ್ಣ ಹುಳವೊಂದು ಕಚ್ಚಿ ಬರುವ ಜ್ವರ ಅದು. ತಡವಾದರೆ ಪ್ರಾಣಕ್ಕೇ ಅಪಾಯ, ಬೇಗ ತಿಳಿದರೆ ಬಹಳ ಸಾಮಾನ್ಯವಾದ ಔಷಧಿಗೇ ಬಗ್ಗುತ್ತದೆ. ಅವತ್ತೇ ಔಷಧಿ ಶುರುವಾಯಿತು. ಎರಡು ದಿನದಲ್ಲಿ ಮೈಯ ಕಾವು ಇಳಿಯಿತು, ಉಸಿರು ಹಗುರಾಯಿತು.

ಆದರೆ ಜ್ವರ ಇಳಿದ ಮೇಲೂ ಅತ್ತೆಯ ಮುಖದಲ್ಲಿ ಗೆಲುವಿರಲಿಲ್ಲ. ಗಂಜಿ ಕೊಟ್ಟರೆ ಎರಡು ಚಮಚ ಕುಡಿದು ಸಾಕು ಎನ್ನುವಳು. ನಿದ್ದೆ ಮಾಡು ಎಂದರೆ ಮೇಲೆ ತಿರುಗುವ ಫ್ಯಾನನ್ನೇ ನೋಡುತ್ತ ಮಲಗಿರುವಳು. ಮಧ್ಯಾಹ್ನ ನಾನು ನೋಡಲು ಹೋದಾಗ ಮಾವ ಹೊರಗೆ ಎಳನೀರು ತರಲು ಹೋಗಿದ್ದ. ಅತ್ತೆ ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ನಿಜ ಯೋಳವ್ವ. ನನ್ ರಕ್ತದಾಗೆ ಏನೋ ಕೆಟ್ಟದ್ದು ಸಿಕ್ಕದೆ, ಅಲ್ವಾ?"

"ಅಯ್ಯೋ, ಏನೂ ಇಲ್ಲ ಅತ್ತೆ. ಗುಣ ಆಗ್ತಾ ಇದೀಯ. ಯಾರು ಹೇಳಿದ್ದು ನಿನಗೆ?"

"ಯಾರೂ ಯೋಳಿಲ್ಲ. ನಾನೇ ನೋಡ್ತಾ ಇವ್ನಿ. ನಿಮ್ಮಾವ ಇಲ್ಲಿಗೆ ಬಂದಾಗ್ಲಿಂದ ಒಂದ್ಸಲನಾರ ಸೊಂಟ ಅಂದಿಲ್ಲ. ಎದೆ ಅಂದಿಲ್ಲ. ಒಂದ್ ಕೆಮ್ಮು ಕೆಮ್ಮಿಲ್ಲ. ಮೂವತ್ತೈದು ವರ್ಸದಾಗೆ ಇಂಗೆ ಇದ್ದೋರಲ್ಲ ಅವ್ರು." ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನಾನು ಉಳಿಯಾಕಿಲ್ಲ ಅಂತ ಡಾಕ್ಟ್ರು ಅವ್ರಿಗೆ ಯೋಳ್ಬುಟ್ಟವ್ರೆ ಕಣವ್ವ. ಅದ್ಕೇ ಅಂಗೆ ಸುಮ್ಕಿರೋದು."

ಡಾಕ್ಟರನ್ನು ಕರೆದು ಹೇಳಿಸಿದರೂ ಅವಳು ನಂಬುವಂತಿರಲಿಲ್ಲ. ಮೆಟ್ಟಿಲ ಬಳಿ ಹೋಗಿ ನಿಂತೆ. ಎಳನೀರು ಹಿಡಿದು ಬಂದ ಮಾವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ಎಳನೀರನ್ನು ನನ್ನ ಕೈಗೆ ಕೊಟ್ಟು, ಹೆಗಲ ಮೇಲಿನ ಟವೆಲಿನಿಂದ ಮುಖವನ್ನು ಚೆನ್ನಾಗಿ ಒರೆಸಿಕೊಂಡು ಒಳಗೆ ನಡೆದ.

ಸ್ಟೂಲಿನ ಮೇಲೆ ಕೂರುತ್ತಲೇ, "ಅಯ್ಯಯ್ಯಪ್ಪೋ..." ಎಂದು ಬಲ ಮಂಡಿ ಹಿಡಿದುಕೊಂಡ. "ಈ ಮಂಡಿ ನನ್ ಪ್ರಾಣ ತೆಗೀತದೆ ಕಣೆ. ಮೆಟ್ಲು ಅತ್ತಾಕಾಗಾಕಿಲ್ಲ. ಸೊಂಟನೂ ಇಡ್ಕೊಂಡದೆ. ಈ ಇಸ್ಟೂಲು ಒಂದು, ದರಿದ್ರದ್ದು. ಇದ್ರ ಮ್ಯಾಲೆ ಕೂತು ಕೂತು ಬೆನ್ನು ಬಿದ್ದೋಗದೆ. ನಿನ್ನೆಯಿಂದ ಎದೇಲಿ ಏನೋ ಚುಳುಕ್ ಅಂತದೆ..."

ಅತ್ತೆ ಮೆಲ್ಲಗೆ ಅವನ ಕಡೆ ತಿರುಗಿದಳು. ಅವಳ ಹಣೆಯ ಗೆರೆಗಳು ಒಂದೊಂದಾಗಿ ಸಡಿಲವಾಗುವುದು ನಾನು ನಿಂತಲ್ಲಿಗೇ ಕಾಣುತ್ತಿತ್ತು.

"ಸುರುವಾಯ್ತಾ ನಿಮ್ದು?" ಎಂದಳು. "ಆ ಎಣ್ಣೆ ಅಚ್ಕೊಂಡ್ರಾ?"

"ಎಲ್ಲಿ ಅಚ್ಕೊಂಡೆ? ಮನೇಲೇ ಬುಟ್ ಬಂದಿವ್ನಿ. ಎಡಗಣ್ಣೂ ಯಾಕೋ ಮಂಜು ಮಂಜು..."

ಅವಳು ಕಣ್ಣು ಮುಚ್ಚಿದಳು. ಮಾವ ನಿಲ್ಲಿಸಲಿಲ್ಲ. ಹೊಟ್ಟೆಯುಬ್ಬರ, ಕಿವಿಯೊಳಗಿನ ಗುಂಯ್ ಶಬ್ದ, ಹಿಮ್ಮಡಿಯ ಸೀಳು, ಒಂದಾದ ಮೇಲೊಂದು, ಜೋಗುಳ ಹಾಡುವವನ ಹಾಗೆ ಮೆಲುದನಿಯಲ್ಲಿ ಹೇಳುತ್ತಲೇ ಹೋದ. ಹೊದಿಕೆಯ ಮೇಲಿದ್ದ ಅವಳ ಪಾದವನ್ನು ಅವನ ಕೈ ನಿಧಾನವಾಗಿ ಒತ್ತುತ್ತಿತ್ತು. ಅವಳ ಉಸಿರು ಗಾಢ ನಿದ್ದೆಯ ಉಸಿರಾದದ್ದು ಖಾತ್ರಿಯಾದ ಮೇಲೆ ಮಾತು ನಿಲ್ಲಿಸಿ, ಟವೆಲನ್ನು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ ಅತ್ತ.